ಹುಟ್ಟಿದ್ದೇ ಬಿಜೈಯಲ್ಲಿ, ಆದರೂ ಮಂಗಳೂರಲ್ಲಿ ನೋಡುವುದಕ್ಕೆ ಎಂತ ಉಂಟು?

ಓದುಗರ ಪ್ರಶ್ನೆ: ಸರ್, ನಾನು ಹುಟ್ಟಿ ಬೆಳೆದದ್ದು ಬಿಜೈಯಲ್ಲಿ, ಮದುವೆಯಾದ ಮೇಲೂ ಮಂಗಳೂರು ಬಿಟ್ಟಿಲ್ಲ. ಹೋದ ರಜೆಯಲ್ಲಿ ಯಜಮಾನರ ಅಕ್ಕನ ಮನೆಯವರು ಮೈಸೂರಿನಿಂದ ಬಂದಿದ್ದರು. ಎರಡು ದಿನ ಏನು ತೋರಿಸುವುದು ಅಂತಲೇ ತಿಳಿಯಲಿಲ್ಲ. ಬೀಚಿಗೆ ಹೋದೆವು, ಮಾಲಿಗೆ ಹೋದೆವು, ಐಸ್‌ಕ್ರೀಮ್ ತಿಂದೆವು. ಕೊನೆಗೆ ಅವರ ಹುಡುಗ "ಅತ್ತೆ, ನಿಮ್ಮೂರಲ್ಲಿ ಹಳೇದು ಏನೂ ಇಲ್ವಾ?" ಅಂತ ಕೇಳಿದಾಗ ಉತ್ತರ ಬರಲಿಲ್ಲ. ನಮಗೂ ರಜೆ ಬಂದರೆ ಗೋವಾ, ಕೇರಳ ಅಂತಲೇ ಯೋಚನೆ. ಸ್ವಂತ ಊರನ್ನು ಪ್ರವಾಸಿಯ ಹಾಗೆ ನೋಡಬೇಕಾದರೆ ಎಲ್ಲಿಂದ ಶುರು ಮಾಡಬೇಕು? ಮಗಳಿಗೆ ಹತ್ತು ವರ್ಷ, ಮಗನಿಗೆ ಏಳು.

ಉತ್ತರ:

ಮೈಸೂರಿನ ಹುಡುಗ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾನೆ. ಮೈಸೂರಲ್ಲಿ ಅರಮನೆ ಊರಿನ ನಡುವೆ ಎದ್ದು ನಿಂತಿದೆ. ಯಾವ ಬಸ್ಸಲ್ಲಿ ಬಂದಿಳಿದರೂ ಕಣ್ಣಿಗೆ ಬೀಳುತ್ತದೆ. ಮಂಗಳೂರಲ್ಲಿ ಹಳೆಯದು ಹಾಗೆ ತಾನಾಗಿ ಎದುರಿಗೆ ಬರುವುದಿಲ್ಲ. ಅದಕ್ಕೆ ಒಂದು ಕಾರಣ ಉಂಟು, ಅದನ್ನು ಹೇಳುವುದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಪಣಂಬೂರು ಬಂದರಿಗೆ ಬರುವ ಕ್ರೂಸ್ ಹಡಗಿನ ಪ್ರವಾಸಿಗರಿಗೆ ಊರು ತೋರಿಸುವ ಕೆಲಸದಲ್ಲಿದ್ದೇನೆ. ಬೆಳಗ್ಗೆ ಬಂದು ಸಂಜೆ ಹೊರಡುವ ಜನ ಅವರು. ಅವರಿಗೆ ಇರುವುದು ಕೆಲವೇ ಗಂಟೆ. ಆದರೆ ನಮಗಿಲ್ಲದ ಒಂದು ಅನುಕೂಲ ಅವರಿಗಿದೆ: ಅವರು ಮಂಗಳೂರನ್ನು ಮೊದಲು ನೋಡುವುದು ನೀರಿನ ಕಡೆಯಿಂದ. ನಾವು ಹಾಗೆ ನೋಡಿರುವುದೇ ಇಲ್ಲ. ನಮ್ಮ ಓಡಾಟವೆಲ್ಲ ಪಂಪ್‌ವೆಲ್, ನಂತೂರು, ಕೊಟ್ಟಾರ ಚೌಕಿ. ಅಂದರೆ ಹೆದ್ದಾರಿಯ ಕಡೆಯಿಂದ. ಈ ಊರು ಬೆಳೆದು ಬಂದದ್ದು ನದಿಗೆ, ಕಡಲಿಗೆ ಮುಖ ಮಾಡಿ. ನಾವು ದಿನವೂ ಅದರ ಬೆನ್ನ ಕಡೆಯಿಂದ ಬರುತ್ತೇವೆ, ಬೆನ್ನ ಕಡೆಯಿಂದಲೇ ಹೋಗುತ್ತೇವೆ. ಹಾಗಿರುವಾಗ ನೋಡುವುದಕ್ಕೆ ಏನೂ ಇಲ್ಲ ಅನ್ನಿಸಿದರೆ ಆಶ್ಚರ್ಯವೇನಿಲ್ಲ.

ಆದ್ದರಿಂದ "ನೋಡಲೇಬೇಕಾದ ಹತ್ತು ಜಾಗ" ಅನ್ನುವ ಪಟ್ಟಿಯನ್ನು ನಾನು ಕೊಡುವುದಿಲ್ಲ. ಅಂಥ ಪಟ್ಟಿ ಹಿಡಿದು ಕಾರಿನಲ್ಲಿ ಸುತ್ತಿದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಟ್ರಾಫಿಕ್ಕಿನಲ್ಲಿ ಕೂತದ್ದೇ ನೆನಪಿರುತ್ತದೆ. ಒಂದೇ ಕೆಲಸ ಮಾಡಿ. ಊರೊಳಗೆ ನೀರಿನ ಕಡೆಯಿಂದ ಬನ್ನಿ.

ಕಾರು ಮನೆಯಲ್ಲೇ ಇರಲಿ. ಬೆಳಗ್ಗೆ ಮೊದಲ ಬಸ್ಸುಗಳಲ್ಲಿ ಒಂದನ್ನು ಹಿಡಿದು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ನಡೆದೇ ಹಳೇ ಬಂದರಿನ ಧಕ್ಕೆಗೆ, ಅಂದರೆ ಮೀನಿನ ಬೋಟುಗಳು ನಿಲ್ಲುವ ಕಟ್ಟೆಗೆ ಹೋಗಿ. ಬಸ್ಸು ಅಷ್ಟು ಬೇಗ ಸಿಗದಿದ್ದರೆ ರಿಕ್ಷಾ ಮಾಡಿ, ತೊಂದರೆ ಇಲ್ಲ. ಆರು ಗಂಟೆಯ ಒಳಗೆ ಅಲ್ಲಿರಬೇಕು, ಅದು ಮುಖ್ಯ. ಮಕ್ಕಳು ಗೊಣಗುತ್ತಾರೆ, ಗೊಣಗಲಿ. ಬೋಟುಗಳಿಂದ ಮೀನು ಇಳಿಯುವ ಹೊತ್ತು ಅದು. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ, ಕೊಡ್ಡಾಯಿ, ಬೊಂಡಾಸ್ ರಾಶಿ ರಾಶಿ ಬೀಳುತ್ತವೆ. ಪಕ್ಕದಲ್ಲೇ ಏಲಂ ನಡೆಯುತ್ತದೆ. ಕೂಗುವವರ ವೇಗಕ್ಕೆ ಮೊದಲು ಏನೂ ಅರ್ಥವಾಗುವುದಿಲ್ಲ, ಸ್ವಲ್ಪ ಹೊತ್ತು ನಿಂತರೆ ಯಾರು ಕೊಳ್ಳುತ್ತಿದ್ದಾರೆ, ಯಾರು ಸುಮ್ನೆ ರೇಟು ಏರಿಸುತ್ತಿದ್ದಾರೆ ಅಂತ ಗೊತ್ತಾಗತೊಡಗುತ್ತದೆ. ನಿಮ್ಮ ಬೀದಿಗೆ ಬಂದು ಮೀನು ಮಾರುವ ಅಕ್ಕ ಇದ್ದರೆ ಅವರೂ ಅಲ್ಲಿ ಸಿಕ್ಕಿಯಾರು. ನೀವು ಚೌಕಾಸಿ ಮಾಡಿ ತೆಗೆದುಕೊಳ್ಳುವ ಆ ಮೀನಿಗಾಗಿ ಅವರು ಎಷ್ಟು ಹೊತ್ತಿಗೆ ಎದ್ದು ಬಂದಿರುತ್ತಾರೆ ಅಂತ ನಿಮ್ಮ ಮಗಳು ಕಣ್ಣಾರೆ ನೋಡಲಿ.

ಇಲ್ಲಿ ಒಂದು ಮಾತು. ಧಕ್ಕೆ ಜನ ದುಡಿಯುವ ಜಾಗ. ದಾರಿಗೆ ಅಡ್ಡ ನಿಲ್ಲಬೇಡಿ, ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ. ಫೋಟೋಕ್ಕಿಂತ ಮಾತು ಒಳ್ಳೆಯದು. "ಅಣ್ಣಾ, ಇನಿ ಮೀನ್ ಎಂಚ ಉಂಡು?" (ಇವತ್ತು ಮೀನು ಹೇಗಿದೆ?) ಅಂತ ತುಳುವಿನಲ್ಲಿ ಒಂದು ಮಾತು ಕೇಳಿ ನೋಡಿ. ಹೊರಗಿನ ಪ್ರವಾಸಿ ಎಷ್ಟು ದುಡ್ಡು ಕೊಟ್ಟರೂ ಸಿಗದ ಸಂಗತಿ ನಿಮಗೆ ಅಲ್ಲಿ ಪುಕ್ಕಟೆ ಸಿಗುತ್ತದೆ. ಎಲ್ಲರಿಗೂ ತುಳು ಬರುತ್ತದೆ ಅಂತ ಎಣಿಸಬೇಡಿ. ಬೋಟುಗಳಲ್ಲಿ ದುಡಿಯುವವರಲ್ಲಿ ಒಡಿಶಾ, ಆಂಧ್ರ, ತಮಿಳುನಾಡಿನ ಕಡೆಯವರೂ ಇದ್ದಾರೆ. ಅವರ ಜೊತೆ ಹಿಂದಿಯಲ್ಲೋ ಸನ್ನೆಯಲ್ಲೋ ಮಾತಾಡಿ.

ಮೀನು ನೋಡಿಯಾದ ಮೇಲೆ ಬೆಂಗ್ರೆಗೆ ಹೋಗುವ ದೋಣಿ ಹತ್ತಿ. ಇದನ್ನು ಪ್ರವಾಸಿಗರಿಗಾಗಿ ಬಿಟ್ಟದ್ದಲ್ಲ. ಬೆಂಗ್ರೆಯ ಜನ ಶಾಲೆಗೆ, ಕೆಲಸಕ್ಕೆ, ಪೇಟೆಗೆ ದಿನವೂ ಓಡಾಡುವ ದೋಣಿ ಅದು. ಟಿಕೆಟಿಗೆ ಜಾಸ್ತಿ ದುಡ್ಡಿಲ್ಲ. ಹೋಗುವಾಗ ಎದುರು ದಡ ನೋಡಬೇಡಿ, ಹಿಂದೆ ತಿರುಗಿ ಊರನ್ನು ನೋಡಿ. ನಾನು ಕರೆದುಕೊಂಡು ಹೋದವರಿಗೆಲ್ಲ ಹೇಳುವ ಮಾತು ಇದು. ಮೊದಲು ಕಾಣುವುದು ಬೋಟುಗಳ ಸಾಲು. ಅದರ ಹಿಂದೆ ಬಂದರಿನ ಹಂಚಿನ ಮಾಡಿನ ಹಳೆ ಗೋದಾಮುಗಳು. ಅದರ ಹಿಂದೆ ನೆಲ ಏರುತ್ತಾ ಹೋಗುತ್ತದೆ, ಬಾವುಟಗುಡ್ಡೆಯ ಕಡೆಗೆ. ಈಗ ನಡುವೆ ಅಪಾರ್ಟ್‌ಮೆಂಟುಗಳು ಎದ್ದಿವೆ ನಿಜ, ಆದರೂ ಊರಿನ ಅಳತೆ ಗೊತ್ತಾಗುತ್ತದೆ. ಕೆಳಗೆ ನೀರಿನ ಹತ್ತಿರ ವ್ಯಾಪಾರ, ಮೇಲೆ ಗುಡ್ಡದಲ್ಲಿ ಕಾವಲು, ನಡುವೆ ಮನೆ, ಗುಡಿ, ಇಗರ್ಜಿ, ಮಸೀದಿ. ಹಂಪನಕಟ್ಟೆಯ ಸಿಗ್ನಲ್ಲಿನಲ್ಲಿ ನಿಂತು ಎಷ್ಟು ವರ್ಷ ನೋಡಿದರೂ ಇದು ಹೊಳೆಯುವುದಿಲ್ಲ.

ನೀವು ದಾಟುತ್ತಿರುವುದು ಗುರುಪುರ ನದಿ, ಅಂದರೆ ಫಲ್ಗುಣಿ. ಕೂಳೂರಿನ ಹತ್ತಿರ ಕಡಲಿಗೆ ಇನ್ನೇನು ಸೇರಬೇಕು ಅನ್ನುವಷ್ಟು ಹತ್ತಿರ ಬಂದು, ಸೇರದೆ ದಕ್ಷಿಣಕ್ಕೆ ತಿರುಗಿ, ಕಡಲಿನ ಪಕ್ಕದಲ್ಲೇ ಹರಿದು, ಕೊನೆಗೆ ನೇತ್ರಾವತಿಯ ಜೊತೆ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತದೆ. ನದಿಗೂ ಕಡಲಿಗೂ ನಡುವೆ ಉಳಿದ ಮರಳಿನ ಪಟ್ಟಿಯೇ ತಣ್ಣೀರುಬಾವಿ, ಬೆಂಗ್ರೆ. ಹಾಗಾಗಿ ಒಳಗೆ ಹಡಗು ನಿಲ್ಲಿಸಲು ಅಲೆಯಿಲ್ಲದ ಜಾಗ ಸಿಕ್ಕಿತು. ಘಟ್ಟದಿಂದ ಎರಡು ನದಿಗಳಲ್ಲಿ ದೋಣಿ ಇಳಿಸಬಹುದಿತ್ತು. ಮಂಗಳೂರು ಇಲ್ಲೇ ಯಾಕೆ ಹುಟ್ಟಿತು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಾಗಿಲ್ಲ.

ಬೆಂಗ್ರೆಯಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ಆಚೆ ಕಡಲು. ಮಕ್ಕಳಿಗೆ ಆಶ್ಚರ್ಯವಾಗುತ್ತದೆ, ಈಗಷ್ಟೇ ನದಿ ದಾಟಿದೆವು, ಇಷ್ಟು ಬೇಗ ಕಡಲು ಬಂತಲ್ಲ ಅಂತ. ನೀರಿಗೆ ಮಾತ್ರ ಇಳಿಸಬೇಡಿ. ಅಳಿವೆಯ ಸುತ್ತಮುತ್ತ ಸೆಳೆತ ಜೋರು, ಈಜು ಬಲ್ಲವರಿಗೂ ಅಪಾಯ. ಮರಳಲ್ಲಿ ಕೂತು ತಂದ ತಿಂಡಿ ತಿಂದು ವಾಪಸ್ ಬನ್ನಿ.

ಹಡಗಿನವರಿಗೆ ನಾನು ದಾರಿಯಲ್ಲಿ ಎರಡು ಹೆಸರು ಹೇಳುತ್ತೇನೆ. ನಮ್ಮೂರಿನ ಮಕ್ಕಳಿಗೆ ಶಾಲೆಯಲ್ಲಿ ಈ ಹೆಸರು ಹೇಳುವವರು ಕಡಿಮೆ ಅಂತ ಬೇಸರ ನನಗೆ. ಒಬ್ಬ ಅಬ್ರಹಾಂ ಬೆನ್ ಯಿಜು, 12ನೇ ಶತಮಾನದ ಯಹೂದಿ ವ್ಯಾಪಾರಿ. ಆಫ್ರಿಕಾದ ಉತ್ತರ ತೀರದ ಟುನೀಶಿಯಾದವನು. 1132ರ ಹೊತ್ತಿಗೆ ಅವನು ಮಂಗಳೂರಲ್ಲಿದ್ದ, 1149ರವರೆಗೆ ಹೆಚ್ಚಿನ ಕಾಲವನ್ನು ಇಲ್ಲೇ ಕಳೆದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ, ಮೆಣಸು ಕಳಿಸುತ್ತಿದ್ದ, ಆಶು ಅನ್ನುವ ಇಲ್ಲಿನ ಹೆಂಗಸಿನ ಜೊತೆ ಸಂಸಾರ ಮಾಡಿದ್ದ. ಅವನ ಕಾಗದಪತ್ರಗಳು ಇಷ್ಟು ಶತಮಾನ ದಾಟಿ ಉಳಿದದ್ದು ಎಲ್ಲಿ ಗೊತ್ತಾ? ಕೈರೋದ ಒಂದು ಹಳೆಯ ಸಿನಗಾಗ್‌ನ ಕೋಣೆಯಲ್ಲಿ. ಇನ್ನೊಬ್ಬ ಇಬ್ನ್ ಬತೂತ, ಮೊರಾಕೋದವನು. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ. ಫಾರಸಿ ಕಡೆಯ ಮತ್ತು ಯೆಮನಿನ ದೊಡ್ಡ ವ್ಯಾಪಾರಿಗಳು ಈ ಊರಲ್ಲಿ ಇಳಿಯುತ್ತಾರೆ, ಮೆಣಸು, ಶುಂಠಿ ಇಲ್ಲಿ ಹೇರಳ ಅಂತ ಬರೆದಿಟ್ಟ. ಅಂದರೆ ನೀವು ದೋಣಿಯಿಂದ ಇಳಿಯುವ ಈ ದಡಕ್ಕೆ ಪ್ರವಾಸಿಗರು ಬರುವುದು ಹೊಸ ಸಂಗತಿಯೇನಲ್ಲ. ಹುಡುಗ ಮತ್ತೆ "ಹಳೇದು ಏನಿದೆ?" ಅಂತ ಕೇಳಿದರೆ ಇಲ್ಲಿಂದ ಶುರು ಮಾಡಿ.

ಹಾಗಾದರೆ ಊರು ಯಾವಾಗ ಹೆದ್ದಾರಿಯ ಕಡೆಗೆ ತಿರುಗಿತು? ಬಹಳ ಹಿಂದೆಯೇನಲ್ಲ. ಅಳಿವೆಯಲ್ಲಿ ಮರಳು ತುಂಬುವ ತೊಂದರೆ ಮೊದಲಿಂದಲೂ ಇತ್ತು. ದೊಡ್ಡ ಹಡಗು ಒಳಗೆ ಬರಲಾಗದೆ ಹೊರಗೆ ಕಡಲಲ್ಲೇ ನಿಲ್ಲುತ್ತಿತ್ತು, ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕಾಗುತ್ತಿತ್ತು. 1974ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ತೆರೆಯಿತು, ದೊಡ್ಡ ಹಡಗುಗಳು ಅಲ್ಲಿಗೆ ಹೋದವು. ರೈಲಿನ ಕತೆಯೂ ಸ್ವಲ್ಪ ಹೀಗೆಯೇ. 1907ರಲ್ಲಿ ಮಂಗಳೂರಿಗೆ ರೈಲು ಬಂದದ್ದು ದಕ್ಷಿಣದಿಂದ, ನೇತ್ರಾವತಿ ದಾಟಿ. ಆಗ ನಾವು ಮದ್ರಾಸ್ ಪ್ರಾಂತ್ಯದವರು. ಹಾಸನದ ಕಡೆಗೆ ಘಟ್ಟ ಹತ್ತುವ ಹಳಿ ಬಂದದ್ದು 1979ರಲ್ಲಿ. ಅಲ್ಲಿಯವರೆಗೆ ಕಡಲು, ನದಿ ಅಂದರೆ ನಮಗೆ ದಾರಿ. ಆಮೇಲೆ ಅವು ಬರೀ ಸಂಜೆ ಗಾಳಿ ತಿನ್ನುವ ಜಾಗವಾದವು.

ದೊಡ್ಡ ಹಡಗು ಹೋದದ್ದರಿಂದ ಒಂದು ಒಳ್ಳೆಯದೂ ಆಯಿತು. ಹಳೇ ಬಂದರನ್ನು ಪೂರ್ತಿ ಒಡೆದು ಕಟ್ಟುವ ಅವಸರ ಯಾರಿಗೂ ಬರಲಿಲ್ಲ. ಅದು ಸತ್ತೂ ಇಲ್ಲ. ಲಕ್ಷದ್ವೀಪಕ್ಕೆ ತರಕಾರಿ, ಅಕ್ಕಿ, ಸಿಮೆಂಟು, ಜಲ್ಲಿ ಹೊತ್ತು ಹೋಗುವ ಮಂಜಿ ಅನ್ನುವ ಸರಕಿನ ಹಡಗುಗಳು ಈಗಲೂ ಇಲ್ಲಿಂದಲೇ ಹೊರಡುತ್ತವೆ. ಮಳೆಗಾಲದಲ್ಲಿ ಆ ಓಡಾಟ ಇರುವುದಿಲ್ಲ, ಕಡಲು ಬಿಡುವುದಿಲ್ಲ. ದ್ವೀಪದ ಮನೆಯೊಂದರ ಅಡುಗೆಮನೆಗೆ ಬೇಕಾದ ಈರುಳ್ಳಿ ನಮ್ಮ ಬಂದರಿನಿಂದ ಹೋಗುತ್ತದೆ ಅಂತ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಧಕ್ಕೆಯಿಂದ ಮೇಲೆ ಬಂದರೆ ಬಂದರಿನ ಓಣಿಗಳು. ನೆಲ್ಲಿಕಾಯಿ ರಸ್ತೆ, ಅಜೀಜುದ್ದೀನ್ ರಸ್ತೆ, ಗೋಳಿಕಟ್ಟೆ ಬಜಾರು. ಇಲ್ಲಿ ಮ್ಯಾಪ್ ನೋಡಬೇಡಿ, ಮೂಗು ಹೇಳಿದ ಕಡೆ ಹೋಗಿ. ಒಂದು ಓಣಿಯಲ್ಲಿ ಒಣಮೀನು, ಮುಂದೆ ಹೋದರೆ ಮೆಣಸು, ಅಡಿಕೆ, ಕೊಬ್ಬರಿ, ಬೆಲ್ಲ. ಗೋಣಿ ಹೊರುವವರು ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡಿ. ಹಳೆಯ ಗೋದಾಮುಗಳ ಬಾಗಿಲು ನೋಡಿ, ಎಷ್ಟು ದಪ್ಪ ಮರ, ಎಂಥ ಚಿಲಕ. ಇಲ್ಲೇ ಜೀನತ್ ಬಕ್ಷ್ ಮಸೀದಿ ಇದೆ. ಇಸ್ಲಾಂ ಹುಟ್ಟಿದ ಶತಮಾನದಲ್ಲೇ ಅರಬ್ ವ್ಯಾಪಾರಿಗಳ ಜೊತೆ ಬಂದವರು ಕಟ್ಟಿದ್ದು ಅನ್ನುವುದು ನಂಬಿಕೆ, ಟಿಪ್ಪುವಿನ ಕಾಲದಲ್ಲಿ ಹೊಸದಾಗಿ ಕಟ್ಟಿಸಿದರು ಅಂತಲೂ ಹೇಳುತ್ತಾರೆ. ಒಳಗಿನ ಮರದ ಕಂಬಗಳ ಕೆತ್ತನೆ ಮಾತ್ರ ಅಪರೂಪದ್ದು. ನಮ್ಮ ಹಳೇ ದೇವಸ್ಥಾನಗಳ, ಗುತ್ತಿನ ಮನೆಗಳ ಮರದ ಕೆಲಸ ನೋಡಿದವರಿಗೆ ಅದೇ ಕೈಗಳ ಪರಿಚಯ ಇಲ್ಲೂ ಸಿಗುತ್ತದೆ. ಒಳಗೆ ಹೋಗುವ ಮೊದಲು ಅಲ್ಲಿದ್ದವರನ್ನು ಕೇಳಿ.

ಸ್ವಲ್ಪವೇ ದೂರದಲ್ಲಿ ರೊಸಾರಿಯೋ ಚರ್ಚು, ಪೋರ್ಚುಗೀಸರ ಕಾಲದಲ್ಲಿ 1568ರಲ್ಲಿ ಶುರುವಾದದ್ದು. ಈಗಿನ ಕಟ್ಟಡ ಆಮೇಲಿನದು. ಇನ್ನೊಂದು ಬದಿಗೆ ನಡೆದರೆ ಕಾರ್‌ಸ್ಟ್ರೀಟ್, ವೆಂಕಟರಮಣ ದೇವಸ್ಥಾನ. ರಥಸಪ್ತಮಿಗೆ ಕೊಡಿಯಾಲ್ ತೇರು ಎಳೆಯುವ ಬೀದಿ. ಈ ಮೂರೂ ಇಷ್ಟು ಹತ್ತಿರ ಹತ್ತಿರ ಇರುವುದು ಯಾಕೆ ಅಂತ ಮಗಳನ್ನೇ ಕೇಳಿ ನೋಡಿ. ಬ್ಯಾರಿ ಮುಸ್ಲಿಮರು, ಗೋವಾದ ಕಡೆಯಿಂದ ಬಂದ ಕೊಂಕಣಿಗರು, ಕ್ರೈಸ್ತರು, ಎಲ್ಲರಿಗೂ ಬೇಕಾದದ್ದು ಅದೇ ಬಂದರು. ಬೆಳಗ್ಗಿನ ಮೊದಲ ದೋಣಿಯ ಹೊತ್ತಿಗೆ ಧಕ್ಕೆಗೆ ನಡೆದು ಹೋಗುವಷ್ಟು ಹತ್ತಿರ ಎಲ್ಲರಿಗೂ ಮನೆ ಬೇಕಿತ್ತು.

ಈ ಹೊತ್ತಿಗೆ ಹಸಿವಾಗಿರುತ್ತದೆ. ಕಾರ್‌ಸ್ಟ್ರೀಟಿನ ಸುತ್ತ ಬನ್ಸ್, ಬಿಸ್ಕುಟ್ ರೊಟ್ಟಿ ಬಿಸಿ ಬಿಸಿ ಸಿಗುತ್ತದೆ. ಮಧ್ಯಾಹ್ನಕ್ಕಾದರೆ ಬಂದರಿನ ಕಡೆಯ ಸಣ್ಣ ಹೋಟೆಲುಗಳಲ್ಲಿ ಕುಚ್ಚಲಕ್ಕಿ ಅನ್ನ, ಮೀನು ಸಾರು, ಹುರಿದ ಬೂತಾಯಿ. ಬೆಳಗ್ಗೆ ಧಕ್ಕೆಯಲ್ಲಿ ನೋಡಿದ ಮೀನನ್ನೇ ಹುಡುಕಿ ತಿನ್ನಿ. ಐಸ್‌ಕ್ರೀಮ್ ತಿಂದದ್ದಕ್ಕೆ ನೀವು ನಾಚಬೇಕಾಗಿಲ್ಲ. ಐಡಿಯಲ್ ಐಸ್‌ಕ್ರೀಮ್ 1975ರಲ್ಲಿ ಮಾರ್ಕೆಟ್ ರಸ್ತೆಯಲ್ಲಿ ಶುರುವಾದದ್ದು, ಅದೂ ಈ ಊರಿನ ಚರಿತ್ರೆಯೇ. ಮುಂದಿನ ಸಲ ಮಾರ್ಕೆಟ್ ರಸ್ತೆಯಲ್ಲೇ ತಿನ್ನಿ.

ಈಗ ನನಗೆ ಅತ್ಯಂತ ಇಷ್ಟದ ಭಾಗಕ್ಕೆ ಬರುತ್ತೇನೆ. ಹಂಚು.

ಇನ್ನೊಂದು ದಿನ ಬೋಳಾರ, ಹೊಯ್ಗೆಬಜಾರ್, ಜೆಪ್ಪು ಕಡೆಗೆ ನಡೆಯಿರಿ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅನ್ನುವವರು ಮುದ್ರಣದ ಕೆಲಸಕ್ಕೆ ಬಂದು, ನದಿಯ ದಡದ ಜೇಡಿಮಣ್ಣು ನೋಡಿ, 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅಲ್ಲಿಯವರೆಗೆ ಇಲ್ಲಿದ್ದದ್ದು ಹುಲ್ಲಿನ ಮಾಡು, ಇಲ್ಲವೇ ಕುಂಬಾರರ ಅರೆಗೊಳವೆ ಹಂಚು. ಹೊಸ ಹಂಚಿನ ವಿಶೇಷ ಎಂತ ಅಂದರೆ, ಒಂದರ ಅಂಚು ಇನ್ನೊಂದರ ಗೀರಿನಲ್ಲಿ ಕೂರುತ್ತದೆ. ಜಾರುವುದಿಲ್ಲ, ನೀರು ಒಳಗೆ ಬರುವುದಿಲ್ಲ. ಹಳೆಯದರ ಹಾಗೆ ಒಂದರ ಮೇಲೊಂದು ಪದರ ಹೊದೆಸಬೇಕಾಗಿಲ್ಲ, ಹಾಗಾಗಿ ಮಾಡಿನ ಭಾರ ಕಡಿಮೆ, ಪಕ್ಕಾಸಿಗೆ ಮರವೂ ಕಡಿಮೆ ಸಾಕು. ನಮ್ಮ ಮಳೆಗೆ ಇದಕ್ಕಿಂತ ಒಳ್ಳೆಯ ಮಾಡು ಆಗ ಬೇರೆ ಇರಲಿಲ್ಲ. 1868ರಲ್ಲಿ ಅಲ್ಬುಕರ್ಕ್ ಅವರ ಕಾರ್ಖಾನೆ ಬಂತು, ಆಮೇಲೆ ಒಂದರ ಹಿಂದೆ ಒಂದು.

ಕಾರ್ಖಾನೆಗಳೆಲ್ಲ ನದಿಯ ದಡದಲ್ಲೇ ಯಾಕೆ? ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಭಟ್ಟಿಗೆ ಸೌದೆ ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹಂಚು ದೋಣಿಯಲ್ಲೇ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಬೊಂಬಾಯಿಗೆ, ಸಿಲೋನಿಗೆ, ಬರ್ಮಾಕ್ಕೆ, ಪೂರ್ವ ಆಫ್ರಿಕಾಕ್ಕೆ. ಗೋಣಿ ಹೊರುವವರು, ಮಣ್ಣು ತುಳಿಯುವವರು, ಹಂಚು ಜೋಡಿಸುವ ಹೆಂಗಸರು, ಈ ಕೆಲಸದಿಂದ ಬದುಕಿದ ಮನೆಗಳಿಗೆ ಲೆಕ್ಕವಿಲ್ಲ. ಕಾಂಕ್ರೀಟ್ ತಾರಸಿ ಬಂತು, ಮಣ್ಣಿಗೂ ಸೌದೆಗೂ ಕಷ್ಟವಾಯಿತು, ಒಂದೊಂದೇ ಮುಚ್ಚಿದವು. ಕೆಲವು ಕಡೆ ಚಿಮಿಣಿ ಉಳಿದಿದೆ, ಕೆಲವು ಕಡೆ ಅದೂ ಹೋಗಿ ವಸತಿ ಸಮುಚ್ಚಯ ಬಂದಿದೆ. ಒಂದು ಊರಿನ ಹೆಸರು ಹೊತ್ತು ಅರ್ಧ ಪ್ರಪಂಚ ಸುತ್ತಿದ ವಸ್ತು ಇದು. ಅದಕ್ಕೆ ಅದೇ ಊರಲ್ಲಿ ಸರಿಯಾದ ಒಂದು ದೊಡ್ಡ ವಸ್ತುಸಂಗ್ರಹಾಲಯ ಇರಬೇಕಿತ್ತು ಅಂತ ನಾನು ಸಿಕ್ಕಿದವರಿಗೆಲ್ಲ ಹೇಳುತ್ತಿರುತ್ತೇನೆ.

ಮಕ್ಕಳಿಗೆ ಇಲ್ಲೊಂದು ಕೆಲಸ ಕೊಡಿ. ಹಳೇ ಹಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ, ಕೆಲವದರಲ್ಲಿ ಇಸವಿ, ಆನೆ, ನಕ್ಷತ್ರ ಅಂಥ ಗುರುತೂ ಇರುತ್ತದೆ. ಮನೆ ಒಡೆಯುವ ಕಡೆ, ಹಳೇ ಸಾಮಾನಿನ ಅಂಗಡಿಯಲ್ಲಿ, ಅಜ್ಜನ ಮನೆಯ ಹಟ್ಟಿಯಲ್ಲಿ ಹುಡುಕಿ ಓದಲಿ, ಪುಸ್ತಕದಲ್ಲಿ ಬರೆದುಕೊಳ್ಳಲಿ. ಏಳು ವರ್ಷದವನಿಗೆ ಮ್ಯೂಸಿಯಂ ಬೇಗ ಬೇಸರ ಬರುತ್ತದೆ, ಹುಡುಕಾಟ ಬೇಸರ ಬರುವುದಿಲ್ಲ. ಹೋಗುವ ಹಂಚಿನ ಮನೆಯಲ್ಲೆಲ್ಲ ತಲೆ ಎತ್ತಿ ಮಾಡು ನೋಡುವ ಅಭ್ಯಾಸವಾಗುತ್ತದೆ. ಅದು ಒಮ್ಮೆ ಬಂದರೆ ಹೋಗುವುದಿಲ್ಲ.

ಬಾಸೆಲ್ ಮಿಷನ್ನಿನ ಇನ್ನೊಂದು ತುದಿ ಬಲ್ಮಠದಲ್ಲಿದೆ. 1841ರಲ್ಲಿ ಅವರ ಛಾಪಖಾನೆ ಶುರುವಾಯಿತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದರು. ಜುಲೈ 1 ನಮಗೆ ಪತ್ರಿಕಾ ದಿನವಾದದ್ದು ಇದರಿಂದ. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ. ಬಲ್ಮಠದ ಮೇಲೆ ದಿನವೂ ಹೋಗುತ್ತೀರಿ ಅಲ್ವಾ? ಒಂದು ದಿನ ಬಸ್ಸಿಳಿದು ಆ ಗುಡ್ಡದ ಮರಗಳ ಕೆಳಗೆ ಹದಿನೈದು ನಿಮಿಷ ನಡೆಯಿರಿ.

ಬಾವುಟಗುಡ್ಡೆಗೆ ಹೋಗುವುದಾದರೆ ಸಂಜೆ ಹೋಗಿ. ಲೈಟ್‌ಹೌಸ್, ಟಾಗೋರ್ ಪಾರ್ಕ್, ಅಲೋಶಿಯಸ್ ಕಾಲೇಜು ಎಲ್ಲ ಒಂದೇ ಗುಡ್ಡದ ಮೇಲೆ. 1837ರ ಏಪ್ರಿಲ್ 5ರಂದು ಸುಳ್ಯ ಸೀಮೆಯಿಂದ ದಂಡು ಕಟ್ಟಿಕೊಂಡು ಬಂದ ರೈತರು ಬ್ರಿಟಿಷರ ಬಾವುಟ ಇಳಿಸಿ ತಮ್ಮದನ್ನು ಏರಿಸಿದ್ದು ಈ ಗುಡ್ಡದಲ್ಲೇ. ಸುಮಾರು ಎರಡು ವಾರ ಮಂಗಳೂರು ಅವರ ಕೈಯಲ್ಲಿತ್ತು. 1857ಕ್ಕಿಂತ ಇಪ್ಪತ್ತು ವರ್ಷ ಮೊದಲು. ಆ ದಂಡಿನ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು ಇತ್ತೀಚೆಗೆ, 2022ರಲ್ಲಿ, ಅಲ್ಲಿ ನಿಲ್ಲಿಸಿದ್ದಾರೆ. ದೋಣಿಯಿಂದ ಈ ಗುಡ್ಡವನ್ನು ನೋಡಿದ್ದರೆ, ಬಾವುಟ ಏರಿಸುವುದಕ್ಕೆ ಅವರು ಇದೇ ಜಾಗ ಯಾಕೆ ಆರಿಸಿಕೊಂಡರು ಅಂತ ಯಾರೂ ವಿವರಿಸಬೇಕಾಗಿಲ್ಲ.

ಅಲೋಶಿಯಸ್ ಚಾಪೆಲ್‌ಗೆ ನಾನು ಕರೆದುಕೊಂಡು ಹೋದ ವಿದೇಶಿಯರು ಬಾಗಿಲಲ್ಲೇ ನಿಂತುಬಿಡುತ್ತಾರೆ. ಅಲ್ಲೇ ಓದಿದ ನಮ್ಮ ಹುಡುಗರು ಅದರ ಮುಂದೆಯೇ ದಿನವೂ ನಡೆದು ಹೋಗಿರುತ್ತಾರೆ. ಅಂತೋನಿಯೋ ಮೊಸ್ಕೇನಿ ಅನ್ನುವ ಇಟಲಿಯ ಜೆಸ್ವಿಟ್ ಬ್ರದರ್ 1899ರಿಂದ 1901ರವರೆಗೆ ಗೋಡೆ, ಮಾಡು, ಕಮಾನು ಒಂದನ್ನೂ ಬಿಡದೆ ಚಿತ್ರ ಬರೆದರು. ಗೋಡೆಯ ಚಿತ್ರಗಳಲ್ಲಿ ಹೆಚ್ಚಿನವು ಫ್ರೆಸ್ಕೊ, ಅಂದರೆ ಹಸಿ ಗಾರೆಯ ಮೇಲೆ ಅದು ಒಣಗುವ ಮೊದಲೇ ಬಣ್ಣ ಹಚ್ಚಬೇಕು, ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಗಾರೆ ಮೆತ್ತಬೇಕು. ನಮ್ಮ ಊರಿನ ತೇವದಲ್ಲಿ ಇದನ್ನು ಯೋಚಿಸಿ ನೋಡಿ! ಮಾಡಿನ ಮಧ್ಯದಲ್ಲಿ ಸಂತ ಅಲೋಶಿಯಸ್‌ನ ಬದುಕಿನ ಕತೆ ಇದೆ. ಒಳಗೆ ಹೋದ ಕೂಡಲೇ ಫೋನ್ ತೆಗೆಯಬೇಡಿ. ಬೆಂಚಿನಲ್ಲಿ ಕೂತು ತಲೆ ಎತ್ತಿ. ಕೆತ್ತಿದ ಹಾಗೆ ಕಾಣುವ ಅಲಂಕಾರಗಳಲ್ಲಿ ಯಾವುದು ನಿಜವಾದ ಉಬ್ಬು, ಯಾವುದು ಬರೀ ಬಣ್ಣ ಅಂತ ಮಗಳು ಹೇಳಲಿ. ಅದು ಪ್ರಾರ್ಥನೆಯ ಜಾಗ ಅನ್ನುವುದು ನೆನಪಿರಲಿ, ಸಂದರ್ಶನದ ಸಮಯ ಮೊದಲೇ ವಿಚಾರಿಸಿಕೊಂಡು ಹೋಗಿ.

ಕದ್ರಿಗೆ ನೀವು ಎಷ್ಟೋ ಸಲ ಹೋಗಿರುತ್ತೀರಿ, ಅದಕ್ಕೆ ಹೆಚ್ಚು ಹೇಳುವುದಿಲ್ಲ. ಮುಂದಿನ ಸಲ ಮಂಜುನಾಥನಿಗೆ ಕೈ ಮುಗಿದ ಮೇಲೆ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಕೇಳಿ ನೋಡಿ. ಮೂರು ಮುಖ, ಆರು ಕೈ. ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಶಾಸನ, ಕ್ರಿ.ಶ. 968. ಬೌದ್ಧರ ಜೊತೆ ಈ ಬೆಟ್ಟಕ್ಕಿದ್ದ ಸಂಬಂಧಕ್ಕೆ ಅದು ಸಾಕ್ಷಿ ಅಂತ ವಿದ್ವಾಂಸರು ಹೇಳುತ್ತಾರೆ. ದಕ್ಷಿಣ ಭಾರತದ ಒಳ್ಳೆಯ ಕಂಚಿನ ಮೂರ್ತಿಗಳ ಸಾಲಿನಲ್ಲಿ ಹೆಸರಿರುವ ವಿಗ್ರಹ ಅದು. ಮೇಲೆ ಕೆರೆಗಳು, ಜೋಗಿ ಮಠ, ಮುರಕಲ್ಲಿನ ಗುಹೆಗಳು.

ಇನ್ನು ನಿಮ್ಮ ಬಿಜೈ. ಅಲ್ಲಿ ಹಡಗಿನ ಆಕಾರದ ಒಂದು ಹಳೇ ಕಟ್ಟಡ ಇದೆಯಲ್ಲ, ಶ್ರೀಮಂತಿ ಬಾಯಿ ಸರ್ಕಾರಿ ವಸ್ತುಸಂಗ್ರಹಾಲಯ? ಕರ್ನಲ್ ಮಿರಾಜ್ಕರ್ ಅನ್ನುವ ವೈದ್ಯರು ಕಟ್ಟಿಸಿದ ಮನೆ ಅದು. ತಾಯಿಯ ಹೆಸರಲ್ಲಿ ಸರ್ಕಾರಕ್ಕೆ ಕೊಟ್ಟರು, 1960ರಲ್ಲಿ ಮ್ಯೂಸಿಯಂ ಆಯಿತು. ಬಿಜೈಯಲ್ಲಿ ಹುಟ್ಟಿದ ನೀವು ಒಳಗೆ ಹೋಗಿದ್ದೀರಾ? ಹೋಗಿಲ್ಲದಿದ್ದರೆ ತೆರೆದಿರುವ ದಿನ ವಿಚಾರಿಸಿ, ಮೈಸೂರಿನವರು ಮತ್ತೆ ಬರುವ ಮೊದಲೇ ಒಂದು ಸಲ ನೋಡಿ ಬನ್ನಿ.

ಇನ್ನೊಂದು ದೋಣಿ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ. ಬತ್ತೇರಿಯನ್ನು ಹೆಚ್ಚಿನವರು ಎರಡು ನಿಮಿಷದಲ್ಲಿ ನೋಡಿ ಮುಗಿಸುತ್ತಾರೆ, ಫೋಟೋ ತೆಗೆದು ಇಳಿಯುತ್ತಾರೆ. 1784ರಲ್ಲಿ ಟಿಪ್ಪು ಕರಿಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು ಅದು. ಅದೇ ವರ್ಷ ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದಕ್ಕೆ ಸಹಿ ಬಿದ್ದು ಬ್ರಿಟಿಷರ ಜೊತೆಗಿನ ಯುದ್ಧ ನಿಂತಿತ್ತು. ಮೇಲೆ ಹತ್ತಿ ಬಂದೂಕಿನ ಕಿಂಡಿಗಳಲ್ಲಿ ಒಂದೊಂದರಲ್ಲೂ ಕಣ್ಣಿಟ್ಟು ನೋಡಿ. ನದಿಯಲ್ಲಿ ಯಾವ ಕಡೆಯಿಂದ ದೋಣಿ ಬಂದರೂ ಕಾಣುವ ಹಾಗೆ ಇವೆ. ಶತ್ರು ನೀರಿನಲ್ಲಿ ಬರುತ್ತಾನೆ ಅನ್ನುವ ಕಾಲದ ಕಟ್ಟಡ ಇದು. ತಣ್ಣೀರುಬಾವಿಗೆ ರಸ್ತೆಯಲ್ಲಿ ಸುತ್ತು ಬಳಸಿ ಹೋಗುವ ಬದಲು ಇಲ್ಲಿಂದ ದೋಣಿಯಲ್ಲಿ ಹೋದರೆ ಅದೇ ಬೀಚು ಬೇರೆಯೇ ಕಾಣುತ್ತದೆ. ದೋಣಿ ಓಡುತ್ತಿದೆಯೇ ಅಂತ ಮೊದಲು ಕೇಳಿಕೊಳ್ಳಿ, ಮಳೆಗಾಲದಲ್ಲಿ ನಂಬುವ ಹಾಗಿಲ್ಲ.

ಮಳೆಗಾಲ ಅಂದ ಕೂಡಲೇ ಪ್ರವಾಸ ಬೇಡ ಅನ್ನಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಧಕ್ಕೆಯಲ್ಲಿ ಏಲಂ ಇರುವುದಿಲ್ಲ, ಆದರೆ ಬೋಟುಗಳೆಲ್ಲ ಒತ್ತೊತ್ತಾಗಿ ನಿಂತಿರುತ್ತವೆ, ಬಲೆ ರಿಪೇರಿ ನಡೆಯುತ್ತಿರುತ್ತದೆ, ಮಾತಾಡುವುದಕ್ಕೆ ಜನರಿಗೆ ಪುರುಸೊತ್ತು ಇರುತ್ತದೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಮಾರ್ಕೆಟಿನ ಹೊರಗೆ ಬುಟ್ಟಿ ಇಟ್ಟು ಕೂರುವ ಹೆಂಗಸರ ಹತ್ತಿರ ಕೆಸುವಿನ ಎಲೆ, ತಜಂಕ್ ಸೊಪ್ಪು, ಕಣಿಲೆ (ಎಳೆ ಬಿದಿರು) ಬರುತ್ತದೆ, ಅದೃಷ್ಟವಿದ್ದರೆ ಕಲ್ಲಣಬೆಯೂ. ಪತ್ರೊಡೆಗೆ ಯಾವ ಎಲೆ ಆಗುತ್ತದೆ, ಯಾವುದು ಬಾಯಿ ತುರಿಸುತ್ತದೆ ಅಂತ ಅವರನ್ನೇ ಕೇಳಿ. ಬೇಸಿಗೆಯಲ್ಲಿ ಬಂದ ನಂಟರಿಗೆ ಇದು ಸಿಗುವುದಿಲ್ಲ, ಇಲ್ಲೇ ಇರುವ ನಿಮಗೆ ಸಿಗುತ್ತದೆ.

ಎಲ್ಲವನ್ನೂ ಒಂದೇ ದಿನ ಮಾಡಲು ಹೋಗಬೇಡಿ, ದಯವಿಟ್ಟು. ಪ್ರವಾಸಿಗೆ ಸಂಜೆ ಹಡಗು ಹತ್ತುವ ಅವಸರ ಇರುತ್ತದೆ, ನಿಮಗೆ ಇಲ್ಲ. ಮೊದಲ ದಿನಕ್ಕೆ ಧಕ್ಕೆ, ಬೆಂಗ್ರೆ ದೋಣಿ, ಬಂದರಿನ ಓಣಿ, ಬನ್ಸ್ ಸಾಕು. ಹತ್ತು ಹತ್ತೂವರೆಗೆ ಬಿಸಿಲು ಏರುವ ಮೊದಲು ಮನೆ ಸೇರಬಹುದು. ಮಕ್ಕಳಿಗೆ ಹಳೇ ಚಪ್ಪಲಿ ಹಾಕಿ, ಧಕ್ಕೆಯಲ್ಲಿ ಮೀನಿನ ನೀರು ಹರಿಯುತ್ತಿರುತ್ತದೆ, ಜಾರುತ್ತದೆ. ಚಿಲ್ಲರೆ ದುಡ್ಡು ಇಟ್ಟುಕೊಳ್ಳಿ. ಆದಿತ್ಯವಾರ ಹೋಗಬೇಡಿ, ಬಂದರಿನ ಸಗಟು ಅಂಗಡಿಗಳಲ್ಲಿ ಹೆಚ್ಚಿನವು ಅವತ್ತು ಬಾಗಿಲು ಹಾಕಿರುತ್ತವೆ. ಮಕ್ಕಳಿಗೆ ಶಾಲೆ ಇಲ್ಲದ ಒಂದು ಶನಿವಾರ ನೋಡಿಕೊಳ್ಳಿ.